ಅಪ್ಪಾಜಿ ಪದೇ ಪದೇ 112ಕ್ಕೆ ಫೋನ್ ಮಾಡ್ತಾರೆ, ದಯವಿಟ್ಟು ಗದರಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್ ಮೂಲಕ ದಾವಣಗೆರೆ ಪೊಲೀಸರಿಗೆ, 112 ಮತ್ತೆ 108ರ ಕಂಟ್ರೋಲ್ ರೂಮಲ್ಲಿ ಫೋನ್ ಎತ್ತೋರಿಗೆ, ಆರೋಗ್ಯ ಇಲಾಖೆಯೋರಿಗೆ, ಹಾಗೇ ನಮ್ಮಂತ ಮನೆಗಳೋರಿಗೆ ಒಂದು ವಿಷಯ ಹೇಳ್ಬೇಕಿತ್ತು. ಸ್ವಲ್ಪ ಉದ್ದ ಆಗ್ಬಹುದು, ಜಾಗ ಇದ್ರೆ ಪೂರ್ತಿ ಹಾಕಿ. ಮರೆವಿನ ಕಾಯಿಲೆ, ಡಾಕ್ಟ್ರು ಡಿಮೆನ್ಶಿಯಾ ಅಂತಾರಲ್ಲ, ಅದು ಇರೋ ವಯಸ್ಸಾದವ್ರು ಒಂದೇ ಸಂಜೇಲಿ ಮೇಲಿಂದ ಮೇಲೆ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿದ್ರೆ ಅದನ್ನ ಚೇಷ್ಟೆ ಅಂತ ತಿಳ್ಕೋಬೇಡಿ. ಆ ಹೊತ್ತಿಗೆ ಅವ್ರಿಗೆ ನಿಜವಾಗ್ಲೂ ಜೀವಭಯ ಆಗಿರತ್ತೆ. ಆ ಭಯಕ್ಕೆ ನಾವು ಏನ್ ಉತ್ತರ ಕೊಡ್ತೀವಿ ಅನ್ನೋದ್ರ ಮೇಲೇ ಮುಂದಿನ ಫೋನು ಹತ್ತು ನಿಮಿಷಕ್ಕೆ ಬರತ್ತೋ ಇಲ್ಲಾ ಅವತ್ತು ರಾತ್ರಿ ಬರೋದೇ ಇಲ್ವೋ ಅನ್ನೋದು ನಿಂತಿರತ್ತೆ, ಇದು ನಮ್ಮನೇಲಿ ಕಣ್ಣಾರೆ ಕಂಡು ಹೇಳ್ತಿರೋ ಮಾತು.

ನಮ್ಮ ಅಪ್ಪಾಜಿ ಇಲ್ಲಿನ ಕಾಟನ್ ಮಿಲ್ಲಲ್ಲಿ ದುಡಿದೋರು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲ, ಇಡೀ ಓಣಿ ಮಿಲ್ಲಿನ ಸೈರನ್ನಿಗೆ ಏಳ್ತಿತ್ತು, ಸೈರನ್ನಿಗೆ ಮಲಗ್ತಿತ್ತು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತು, ಆದ್ರೆ ಅಪ್ಪಾಜಿ ತಲೆಯೊಳಗೆ ಶಿಫ್ಟು ಮಾತ್ರ ಇನ್ನೂ ನಡೀತಾನೇ ಇದೆ. ಅಮ್ಮ ತೀರ್ಕೊಂಡ್ಮೇಲೆ ಅವ್ರು ನನ್ನ ಜೊತೆ ನಿಟ್ಟುವಳ್ಳೀಲಿ ಇದಾರೆ. ನಾನು ಒಂದು ಸಹಕಾರಿ ಬ್ಯಾಂಕಲ್ಲಿ ಕ್ಯಾಶ್ ಕೌಂಟರಲ್ಲಿ ಕೂರ್ತೀನಿ, ನಮ್ಮ ಯಜಮಾನ್ರು ಎಪಿಎಂಸಿ ಕಡೆ ಕೆಲಸ, ತಮ್ಮ ಬೆಂಗಳೂರಲ್ಲಿ. ಹಗಲೊತ್ತು ಒಬ್ಬ ಹೆಣ್ಮಗಳು ಬಂದು ಅಡುಗೆ ಮಾಡಿ ಊಟಕ್ಕಿಟ್ಟು ಅವ್ರ ಜೊತೆ ಇದ್ದು ನಾಲ್ಕು ಗಂಟೆ ಹೊತ್ತಿಗೆ ಹೋಗ್ತಾಳೆ. ತೊಂದ್ರೆ ಶುರುವಾಗೋದೇ ಆಮೇಲೆ, ಅವಳು ಹೋಗಿ ನಾನು ಬರೋವರೆಗಿನ ಆ ಎರಡು ತಾಸಲ್ಲಿ.

ಮೊದಮೊದಲು ನಂಗೇ ಫೋನ್ ಬರ್ತಿತ್ತು. "ಯವ್ವಾ, ಹಿತ್ತಲ ಬಾಗ್ಲತ್ರ ಯಾರೋ ನಿಂತಾರೆ." ನಾನು ಸಮಾಧಾನ ಹೇಳಿ ಇಡೋದು, ಕೌಂಟರ್ ಮುಂದಿರೋರಿಗೆ ದುಡ್ಡು ಎಣಿಸಿ ಕೊಡೋದ್ರೊಳಗೆ ಮತ್ತೆ ಫೋನು, ಅದೇ ಮಾತು, ಅದೇ ದನಿ, ಮೊದಲ್ನೇ ಸಲ ಹೇಳ್ತಿರೋ ಹಾಗೇನೇ. ಅವ್ರ ಲೆಕ್ಕದಲ್ಲಿ ಅದು ಮೊದಲ್ನೇ ಸಲಾನೇ. ಈ ಕಾಯಿಲೆ ಮೆದುಳಲ್ಲಿ ಹೊಸ ನೆನಪು ಕೂಡಿಡೋ ಜಾಗಕ್ಕೇ ಮೊದಲು ಪೆಟ್ಟು ಹಾಕೋದ್ರಿಂದ ಈಗ ತಾನೇ ಫೋನ್ ಮಾಡಿದ್ದು ಅಲ್ಲಿ ದಾಖಲೇನೇ ಆಗಲ್ಲ. ಐವತ್ತು ವರ್ಷದ ಹಿಂದೆ ಯಾವ ಮಷಿನ್ ಮುಂದೆ ನಿಂತಿದ್ರು ಅನ್ನೋದು ಹೇಳ್ತಾರೆ, ಐದು ನಿಮಿಷದ ಹಿಂದೆ ಮಗಳ ಜೊತೆ ಮಾತಾಡಿದ್ದು ಇಲ್ಲ. ಆಮೇಲಾಮೇಲೆ ನಾನು ಎತ್ತೋದು ಸ್ವಲ್ಪ ತಡ ಆದ್ರೆ 112ಕ್ಕೆ ಹೋಗೋಕೆ ಶುರುವಾಯ್ತು. ಎದೆ ಯಾಕೋ ಹೆಂಗೋ ಆಗ್ತೈತಿ ಅನ್ನಿಸಿದ್ರೆ 108ಕ್ಕೆ.

ಇಲ್ಲಿ ಒಂದು ವಿಷ್ಯ ಡಾಕ್ಟ್ರು ನಮಗೆ ಹೇಳಿದ್ದು, ಅದನ್ನ ಎಲ್ರೂ ತಿಳ್ಕೋಬೇಕು ಅನ್ಸತ್ತೆ. ಮರೆವಿನ ಕಾಯಿಲೆ ಇರೋರು ನಡೆದ ವಿಷಯ ಮರೀತಾರೆ, ಆದ್ರೆ ಆ ವಿಷಯ ಅವ್ರ ಮನಸ್ಸಲ್ಲಿ ಎಬ್ಬಿಸಿದ ಭಯ, ಸಂಕಟ, ಇಲ್ಲಾ ನೆಮ್ಮದಿ, ಅದು ವಿಷಯ ಹೋದ್ಮೇಲೂ ಎಷ್ಟೋ ಹೊತ್ತು ಹಾಗೇ ಉಳ್ಕೊಂಡಿರತ್ತೆ. ಅಂದ್ರೆ ನೀವು ಗದರಿದ್ದು ಅವ್ರಿಗೆ ನೆನಪಿರಲ್ಲ, ಗದರಿದಾಗ ಆದ ದಿಗಿಲು ಇರತ್ತೆ. ಯಾಕೆ ದಿಗಿಲು ಅಂತ ಗೊತ್ತಿಲ್ಲದೆ ಸುಮ್ನೆ ಎದೆ ಹೊಡ್ಕೋತಿದ್ರೆ ಮನುಷ್ಯ ಏನ್ ಮಾಡ್ತಾನೆ ಹೇಳಿ, ಸಹಾಯಕ್ಕೆ ಮತ್ತೆ ಫೋನ್ ಎತ್ಕೋತಾನೆ.

ಒಂದ್ ಸಂಜೆ 112 ಗಾಡಿ ನಮ್ಮನೆ ಮುಂದೆ ಬಂದು ನಿಂತಾಗ ನಾನಿನ್ನೂ ದಾರೀಲಿದ್ದೆ. ಯಾವ ಠಾಣೆಯೋರು ಅಂತ ಬರೆಯಲ್ಲ, ಅದರ ಅವಶ್ಯಕತೇನೂ ಇಲ್ಲ. ಬಂದೋರು "ಇನ್ನೊಂದ್ಸಲ ಸುಮ್ನೆ ಫೋನ್ ಮಾಡಿದ್ರೆ ಕೇಸ್ ಹಾಕಿ ಒಳಗೆ ಕೂರಿಸ್ತೀನಿ" ಅಂತ ಅಕ್ಕಪಕ್ಕದ ಮನೆಯೋರ ಮುಂದೇನೇ ಬೈದು ಹೋದ್ರಂತೆ. ಅವತ್ತು ರಾತ್ರಿ ಅಪ್ಪಾಜಿ ಮಲಗ್ಲೇ ಇಲ್ಲ. ಯಾರು ಬೈದ್ರು, ಯಾಕೆ ಬೈದ್ರು ಒಂದೂ ನೆನಪಿಲ್ಲ, ಆದ್ರೆ "ನನ್ನ ಹಿಡ್ಕಂಡು ಹೋಗ್ತಾರವ್ವಾ" ಅಂತ ಬಾಗ್ಲು ಚಿಲಕ ಹಿಡ್ಕೊಂಡೇ ನಿಂತಿದ್ರು. ಅದುವರೆಗೆ ಕಳ್ಳರ ಭಯ ಒಂದೇ ಇತ್ತು, ಅವತ್ತಿಂದ ಪೊಲೀಸರ ಭಯಾನೂ ಸೇರ್ಕೊಳ್ತು, ಆ ವಾರ ಪೂರ್ತಿ ಫೋನ್ ಜಾಸ್ತಿನೇ ಆಯ್ತು.

ಆಮೇಲೆ ಇನ್ನೊಂದ್ಸಲ ಬೇರೆ ಒಬ್ರು ಕಾನ್‌ಸ್ಟೇಬಲ್ ಬಂದಿದ್ರು, ಚಿಕ್ಕ ವಯಸ್ಸಿನೋರು. ನಾನೂ ಮನೇಲಿದ್ದೆ, ನಡೆದಿದ್ದೆಲ್ಲ ನೋಡ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಅಪ್ಪಾಜಿ ಮಂಚದ ತುದೀಲಿ ಕೂತ್ಕೊಂಡ್ರು. "ಯಜಮಾನ್ರೇ, ಎಲ್ಲಿ ನಿಂತಿದ್ದ ಅವ್ನು, ತೋರ್ಸಿ ನೋಡಣ" ಅಂದ್ರು. ಅಪ್ಪಾಜಿ ಕೈ ಹಿಡ್ಕೊಂಡು ಹಿತ್ತಲಿಗೆ ಹೋಗಿ, ಟಾರ್ಚ್ ಬಿಟ್ಟು ಬಾವಿಕಟ್ಟೆ, ಬಚ್ಚಲುಮನೆ, ಸೌದೆ ಇಡೋ ಮೂಲೆ ಎಲ್ಲ ನೋಡಿ, ಬಾಗ್ಲು ಎಳೆದು ಚಿಲಕ ಹಾಕಿ, ಆ ಚಿಲಕದ ಮೇಲೆ ಅಪ್ಪಾಜಿ ಕೈಯನ್ನೇ ಇಡ್ಸಿ "ನೋಡ್ರಿ, ಗಟ್ಟಿ ಐತಿ. ನಾವು ಈ ಕಡೆನೇ ರೌಂಡ್ಸ್‌ನಾಗೆ ಇರ್ತೀವಿ, ನೀವು ಆರಾಮ್ ಮಲಕ್ಕಳ್ರಿ" ಅಂದ್ರು. ಎಲ್ಲ ಸೇರಿ ಐದಾರು ನಿಮಿಷ ಆಗಿರ್ಬಹುದು ಅಷ್ಟೇ. ಯಾರೂ ಇರ್ಲಿಲ್ಲ, ನಿಂಗೆ ಭ್ರಮೆ ಅಂತ ಒಂದು ಮಾತೂ ಅನ್ನಲಿಲ್ಲ ಅವ್ರು, ಹಾಗಂತ ಹೌದು ಕಳ್ಳ ಇದ್ದ ಅಂತ ಸುಳ್ಳೂ ಹೇಳಲಿಲ್ಲ, ಭಯ ಆಗಿದೆ ಅನ್ನೋದನ್ನ ಮಾತ್ರ ಒಪ್ಕೊಂಡ್ರು. ಅಪ್ಪಾಜಿ ಅವತ್ತು ಎರಡು ರೊಟ್ಟಿ ತಿಂದು ಮಲಗಿದ್ರು. ಆ ಹುಡುಗನಿಗೆ ಇದನ್ನ ಯಾರು ಕಲ್ಸಿದ್ರೋ ಗೊತ್ತಿಲ್ಲ, ಅವ್ರ ಮನೇಲೂ ಒಬ್ರು ಅಜ್ಜ ಇರ್ಬೇಕು ಅನ್ಕೋತೀನಿ. ಇದನ್ನ ಎಲ್ಲ ಪೊಲೀಸರಿಗೂ ಟ್ರೈನಿಂಗಲ್ಲೇ ಹೇಳ್ಕೊಡೋಕಾಗಲ್ವಾ ಅನ್ನೋದು ನನ್ನ ಮೊದಲ್ನೇ ಪ್ರಶ್ನೆ.

ಈ ಭಯ ಇವತ್ತಿನ ಕಾಲದ ಟೀವಿ, ಮೊಬೈಲಿಂದ ಬಂದಿದ್ದು ಅನ್ನೋರಿದಾರೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಅಲೋಯಿಸ್ ಆಲ್ಝೈಮರ್ ಅನ್ನೋ ಡಾಕ್ಟ್ರು ನೋಡಿದ ಆಗಸ್ಟೆ ಡೆಟರ್ ಅನ್ನೋ 51 ವರ್ಷದ ಹೆಂಗಸು, ಡಿಮೆನ್ಶಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣೋ ಆಲ್ಝೈಮರ್ ಕಾಯಿಲೆಗೆ ಆ ಡಾಕ್ಟ್ರ ಹೆಸರು ಬಂದಿದ್ದೇ ಆ ಕೇಸಿಂದ, ಆಕೆಗೂ ಮರೆವಿನ ಜೊತೆಗೆ ಯಾರೋ ತನ್ನನ್ನ ಕೊಲ್ತಾರೆ ಅನ್ನೋ ಹೆದರಿಕೆ ಇತ್ತು, ಜೋರಾಗಿ ಕೂಗಾಡ್ತಿದ್ರು. ಅಂದ್ರೆ ಭಯ ಅನ್ನೋದು ಈ ಕಾಯಿಲೆ ಜೊತೆಗೇ ಬಂದಿರೋದು. ಇನ್ನು ಇದು ಎಲ್ಲೋ ಒಬ್ಬಿಬ್ರ ಮನೆ ಕಥೇನೂ ಅಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಲ್ಲಿ ಭಾರತದಲ್ಲಿ 60 ದಾಟಿದವ್ರಲ್ಲಿ ನೂರಕ್ಕೆ 7.4ರಷ್ಟು ಜನಕ್ಕೆ, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ. ನಮ್ಮೂರಿನ ಯಾವ ಬಡಾವಣೆಗೆ ಹೋದ್ರೂ ಇಂತ ಮನೆಗಳು ಸಿಕ್ಕೇ ಸಿಗ್ತಾವೆ, ಮನೆಯೋರು ವಯಸ್ಸಾಯ್ತಲ್ಲ ಅರಳು ಮರಳು ಅಂತ ಸುಮ್ನಿರ್ತಾರೆ ಅಷ್ಟೇ, ಇಲ್ಲಾಂದ್ರೆ ಗಾಳಿ ಸೋಕಿದೆ ಅಂತ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರ್ಕೊಂಡು ಹೋಗ್ತಾರೆ. ಅಜ್ಜಯ್ಯನ ದರ್ಶನ ಮಾಡ್ಸಿ, ನಾನು ಬೇಡ ಅನ್ನಲ್ಲ, ನಾವೂ ಹರಿಹರದ ಮೇಲೆ ಹೋಗಿ ಬಂದಿದೀವಿ, ಮನಸ್ಸಿಗೆ ಸಮಾಧಾನ ಆಗತ್ತೆ. ಆದ್ರೆ ಡಾಕ್ಟ್ರಿಗೂ ತೋರ್ಸಿ, ಯಾಕಂದ್ರೆ ಮರೆವು ಅಂತ ಕಾಣೋದ್ರಲ್ಲಿ ಕೆಲವು ಥೈರಾಯ್ಡಿಂದ, ಬಿ12 ಕಮ್ಮಿಯಾಗಿದ್ರಿಂದ ಬಂದಿರ್ತಾವೆ, ಅದು ಒಂದು ರಕ್ತ ಪರೀಕ್ಷೇಲಿ ಗೊತ್ತಾಗತ್ತೆ, ಔಷಧೀನೂ ಇದೆ.

ಸಂಜೆ ಹೊತ್ತೇ ಯಾಕೆ ಅಂತ ಬಹಳ ಜನ ಕೇಳ್ತಾರೆ. ಮೆದುಳಲ್ಲಿ ಹಗಲು ರಾತ್ರಿ ಲೆಕ್ಕ ಇಡೋ ವ್ಯವಸ್ಥೆನೂ ಈ ಕಾಯಿಲೇಲಿ ಕೆಡತ್ತೆ, ಇಡೀ ದಿನದ ದಣಿವು ಬೇರೆ, ಬೆಳಕು ಕಮ್ಮಿಯಾಗ್ತಾ ನೆರಳು ಉದ್ದ ಆಗ್ತಾ ಬರತ್ತೆ, ಇರೋ ಕಣ್ಣಲ್ಲಿ ಪೊರೆ, ಎಲ್ಲ ಸೇರಿ ಆ ಹೊತ್ತಿಗೆ ಅವ್ರಿಗೆ ಮನೇನೇ ಗುರುತು ಸಿಗಲ್ಲ. ನಮ್ಮನೇಲಿ ಹಿತ್ತಲ ಬಾಗ್ಲತ್ರ ನಿಂತಿದ್ದೋನು ಯಾರು ಅಂತ ಕೊನೆಗೆ ಗೊತ್ತಾಯ್ತು. ಆ ಬಾಗ್ಲ ಪಕ್ಕ ಹಳೇ ಶೋಕೇಸ್ ಇದೆ, ಹೊತ್ತು ಮುಳುಗಿ ಹಾಲಲ್ಲಿ ಟ್ಯೂಬ್‌ಲೈಟ್ ಹಾಕಿದ ತಕ್ಷಣ ಅದರ ಗಾಜಲ್ಲಿ ಅಪ್ಪಾಜಿ ಪ್ರತಿಬಿಂಬಾನೇ ಆಳೆತ್ತರಕ್ಕೆ ಕಾಣತ್ತೆ, ಬಿಳಿ ಬನಿಯನ್ನು, ಬೋಳುತಲೆ. ತನ್ನ ಮುಖ ಇಷ್ಟು ವಯಸ್ಸಾಗಿದೆ ಅನ್ನೋದೇ ಮರೆತಿರೋರಿಗೆ ಅದು ಬೇರೆ ಯಾರೋ ಮುದುಕ. ಒಂದು ಹಳೇ ಇಳಕಲ್ ಸೀರೆ ತಗೊಂಡು ಆ ಗಾಜಿಗೆ ಪರದೆ ಹಾಕ್ದೆ. ಆ ಮನುಷ್ಯ ಮತ್ತೆ ಬರಲಿಲ್ಲ. ಹಾಗಾಗಿ ನಮ್ಮಂತ ಮನೆಯೋರಿಗೆ ನಾನು ಹೇಳೋದು ಏನಂದ್ರೆ, ಸಂಜೆ ಐದಕ್ಕೆ ಅವ್ರು ಕೂರೋ ಜಾಗದಲ್ಲೇ ನೀವು ಕೂತ್ಕೊಳ್ಳಿ, ಅವ್ರ ಎತ್ತರಕ್ಕೆ ಏನ್ ಕಾಣತ್ತೆ, ಏನ್ ಕೇಳತ್ತೆ ನೋಡಿ. ಕ್ರೈಮ್ ನ್ಯೂಸ್ ಓಡ್ತಿದ್ರೆ ಟೀವಿ ಬಂದ್ ಮಾಡಿ, ಅದ್ರಲ್ಲಿ ಕೊಲೆ ಆದ್ರೆ ಅವ್ರಿಗೆ ನಮ್ಮ ಓಣೀಲೇ ಆದ ಹಾಗೆ. ಕತ್ತಲಾಗೋಕೆ ಮುಂಚೆನೇ ಎಲ್ಲ ಲೈಟ್ ಹಾಕ್ಬಿಡಿ.

ಆಮೇಲೆ ಆ ಹೊತ್ತಲ್ಲಿ ಕೈಗೆ ಏನಾದ್ರೂ ಕೆಲಸ ಕೊಡಿ. ಅಪ್ಪಾಜಿಗೆ ನಾವು ಹಳೇ ಹತ್ತಿ ದಾರದ ಉಂಡೆ ಕೊಡ್ತೀವಿ, ಗಂಟು ಬಿಡಿಸಿ ಮತ್ತೆ ಸುತ್ತಿ ಇಡ್ತಾರೆ. ಅವ್ರ ಬೆರಳಿಗೆ ಅದು ಇನ್ನೂ ಗೊತ್ತು, ದಾರ ಹರಿದ್ರೆ ಎರಡು ಬೆರಳಲ್ಲಿ ಹೊಸೆದು ಕೂಡಿಸೋದು ನೋಡಿದ್ರೆ ಆಶ್ಚರ್ಯ ಆಗತ್ತೆ. "ಶಿಫ್ಟಿಗೆ ಟೈಮಾಯ್ತು" ಅಂತ ಎದ್ದು ನಿಂತಾಗ ಮಿಲ್ ಮುಚ್ಚಿ ಎಷ್ಟ್ ವರ್ಷ ಆಯ್ತು ಅಪ್ಪಾಜಿ ಅಂತ ವಾದ ಮಾಡಿದ್ರೆ ಜಗಳ ಆಗತ್ತೆ, "ಇವತ್ತು ನಿಮ್ಗೆ ರಜಾ ಅಂತೆ, ಈ ದಾರ ಅಷ್ಟು ಸುತ್ತಿಕೊಡಿ" ಅಂದ್ರೆ ಕೂತ್ಕೋತಾರೆ. ವಾದದಲ್ಲಿ ಗೆದ್ದು ನಮಗೇನಾಗ್ಬೇಕಿದೆ.

ಫೋನ್ ವಿಷಯಕ್ಕೆ ಬರ್ತೀನಿ. ಎಲ್ರೂ ಕೊಡೋ ಮೊದಲ್ನೇ ಸಲಹೆ ಫೋನ್ ಕಿತ್ಕೊಂಡ್ಬಿಡಿ ಅಂತ. ದಯವಿಟ್ಟು ಹಾಗ್ ಮಾಡ್ಬೇಡಿ, ಫೋನ್ ಇಲ್ಲ ಅಂತ ಗೊತ್ತಾದ್ರೆ ಭಯ ಇನ್ನೂ ಹೆಚ್ಚಾಗಿ ಬೀದಿಗೆ ಬಂದು ನಿಲ್ತಾರೆ, ಎತ್ತಲಾದ್ರೂ ನಡ್ಕೊಂಡು ಹೋಗ್ಬಿಡ್ತಾರೆ, ನಿಜವಾಗ್ಲೂ ಬಿದ್ದಾಗ ಕರೆಯೋಕೂ ದಾರಿ ಇರಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. 2017ರಿಂದ ನಮ್ಮ ದೇಶದಲ್ಲಿ ಮಾರೋ ಮೊಬೈಲಲ್ಲಿ ಎಮರ್ಜೆನ್ಸಿ ಬಟನ್ ಇರ್ಲೇಬೇಕು ಅಂತ ರೂಲ್ಸ್ ಇದೆ, ಕೀಪ್ಯಾಡ್ ಸೆಟ್ಟಲ್ಲಿ 5 ಇಲ್ಲಾ 9ನ್ನ ಒತ್ತಿ ಹಿಡಿದ್ರೆ, ಟಚ್ ಫೋನಲ್ಲಿ ಪವರ್ ಬಟನ್ ಬೇಗ ಬೇಗ ಒತ್ತಿದ್ರೆ ಎಮರ್ಜೆನ್ಸಿ ಕರೆ ಹೋಗತ್ತೆ. ಕೈ ನಡುಗೋ ವಯಸ್ಸಾದವ್ರು ಗಾಬರೀಲಿ ಫೋನ್ ಹಿಡ್ಕೊಂಡ್ರೆ ಅವ್ರು ಬೇಕಂತ ಮಾಡದೆನೂ ಕರೆ ಹೋಗಿರ್ಬಹುದು. ನಿಮ್ಮ ಮನೆ ಫೋನ್ ಹೇಗಿದೆ ಅಂತ ಒಂದ್ಸಲ ಚೆಕ್ ಮಾಡ್ಕೊಳ್ಳಿ, ಸೆಟ್ಟಿಂಗ್ಸಲ್ಲಿ ಬದಲಾಯಿಸೋಕಾಗತ್ತಾ ಅಂಗಡಿಯೋರನ್ನ ಕೇಳಿ. ನಾವು ಕೀಪ್ಯಾಡ್ ಸೆಟ್ಟಲ್ಲಿ 1 ಒತ್ತಿ ಹಿಡಿದ್ರೆ ನಂಗೆ, 2 ಒತ್ತಿದ್ರೆ ತಮ್ಮಂಗೆ ಹೋಗೋ ಹಾಗೆ ಮಾಡಿ ಆ ಎರಡು ಬಟನ್ ಮೇಲೆ ಕೆಂಪು ನೇಲ್‌ಪಾಲಿಶ್ ಹಚ್ಚಿದೀವಿ.

ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು, ಅವ್ರು ಮಾಡೋಕೆ ಮುಂಚೆ ನಾವೇ ಫೋನ್ ಮಾಡೋದು. ಭಯ ಹತ್ತೋ ಹೊತ್ತು ಗೊತ್ತಿದೆಯಲ್ಲ, ಅದಕ್ಕೆ ಹತ್ತು ನಿಮಿಷ ಮುಂಚೆ ನಾನು ಮಾಡ್ತೀನಿ, ಆಮೇಲೆ ತಮ್ಮ, ಆಮೇಲೆ ಹರಿಹರದಿಂದ ಅತ್ತೆ, ಅಂದ್ರೆ ಅಪ್ಪಾಜಿ ತಂಗಿ. ಎಲ್ರೂ ಒಂದೇ ಮಾತು ಹೇಳ್ಬೇಕು ಅಂತ ಮಾತಾಡ್ಕೊಂಡಿದೀವಿ: ಬಾಗ್ಲು ಹಾಕಿದೆ, ಮಗಳು ಬರ್ತಿದಾಳೆ, ಚಾ ಕುಡ್ಕೊಳ್ಳಿ. ಉದ್ದ ಮಾತು ಬೇಡ, ಪ್ರಶ್ನೆ ಮೇಲೆ ಪ್ರಶ್ನೆ ಕೇಳೋದೂ ಬೇಡ, ಉತ್ತರ ನೆನಪಿಗೆ ಬರಲಿಲ್ಲ ಅಂದ್ರೆ ಅದಕ್ಕೇ ಗಾಬರಿ ಆಗ್ತಾರೆ. ಫೋನ್ ಪಕ್ಕದ ಗೋಡೆಗೆ, ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕೆಳಗೆ, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೀನಿ, "ಅಪ್ಪಾಜಿ, ಬಾಗ್ಲು ಭದ್ರ ಇದೆ. ನಾನು ಬ್ಯಾಂಕಲ್ಲಿ ಇದೀನಿ. ದೀಪ ಹಚ್ಚೋ ಹೊತ್ತಿಗೆ ಬರ್ತೀನಿ." ಆರು ಗಂಟೆಗೆ ಅಂತ ಬರೆದ್ರೆ ಗಡಿಯಾರ ನೋಡಿ ಲೆಕ್ಕ ಹಾಕೋಕೆ ಅವ್ರಿಗೆ ಕಷ್ಟ, ದೀಪ ಹಚ್ಚೋ ಹೊತ್ತು ಅಂದ್ರೆ ಅರ್ಥ ಆಗತ್ತೆ. ಅದನ್ನ ಜೋರಾಗಿ ಓದ್ಕೋತಾರೆ, ಮತ್ತೆ ಮತ್ತೆ ಓದ್ಕೋತಾರೆ, ಫೋನ್ ಕಡೆ ಹೋದ ಕೈ ಎಷ್ಟೋ ಸಲ ಅಲ್ಲೇ ನಿಲ್ಲತ್ತೆ.

ಇಷ್ಟೆಲ್ಲ ಮಾಡಿದ್ಮೇಲೂ ಕೆಲವು ದಿನ ಫೋನ್ ಹೋಗತ್ತೆ, ಪೂರ್ತಿ ನಿಂತ್ಹೋಯ್ತು ಅಂತ ನಾನು ಹೇಳ್ತಿಲ್ಲ. ಮತ್ತೆ ಒಂದು ಎಚ್ಚರಿಕೆ, ಇದು ಬಹಳ ಮುಖ್ಯ. ದಿನಾ ಬರೋ ಕರೆ ಅಂತ ಯಾರೂ ಉದಾಸೀನ ಮಾಡ್ಬಾರದು. ಒಂದ್ ವಾರ ಅಪ್ಪಾಜಿ ಫೋನ್ ಇದ್ದಕ್ಕಿದ್ದ ಹಾಗೆ ಎರಡು ಪಟ್ಟಾಯ್ತು, ಬೆಳಿಗ್ಗೆನೂ ಶುರುವಾಯ್ತು, ಮಾತು ತೊದಲೋದು, ಹಗಲಲ್ಲೇ ತೂಕಡಿಸೋದು, ಗೋಡೆ ಮೇಲೆ ಹುಳ ಹರೀತಿದೆ ಅನ್ನೋದು. ಕಾಯಿಲೆ ಜಾಸ್ತಿ ಆಯ್ತು ಅಂತಾನೇ ನೆಂಟರೆಲ್ಲ ಹೇಳಿದ್ರು. ನಮ್ಮ ಓಣಿ ಆಶಾ ಕಾರ್ಯಕರ್ತೆ ಒಬ್ರು ಬಂದು ನೋಡಿದೋರೇ "ಅಜ್ಜಾರಿಗೆ ಉಚ್ಚೆ ಸರಿಯಾಗಿ ಹೋಗ್ತೈತಾ ಅಕ್ಕಾ" ಅಂತ ಕೇಳಿದ್ರು. ಪರೀಕ್ಷೆ ಮಾಡ್ಸಿದ್ರೆ ಮೂತ್ರದ ಸೋಂಕು. ಆಂಟಿಬಯಾಟಿಕ್ ಕೊಟ್ಟ ಕೆಲವೇ ದಿನಕ್ಕೆ ಮೊದಲಿನ ಹಾಗಾದ್ರು. ಡಿಮೆನ್ಶಿಯಾ ನಿಧಾನಕ್ಕೆ ತಿಂಗಳು ವರ್ಷಗಟ್ಟಲೆ ಹೆಚ್ಚಾಗೋದು, ಒಂದೆರಡು ದಿನದಲ್ಲಿ ಗೊಂದಲ ಏರಿದ್ರೆ ಬೇರೆ ಏನೋ ಕಾರಣ ಇದೆ ಅಂತಾನೇ ಅರ್ಥ, ಸೋಂಕು, ಮಲಬದ್ಧತೆ, ನೀರು ಕುಡಿಯದೇ ಇರೋದು, ಸೋಡಿಯಂ ಕಮ್ಮಿ, ಎಲ್ಲೋ ಬಿದ್ದು ಪೆಟ್ಟಾಗಿರೋದು, ಹೊಸ ಮಾತ್ರೆ. ನೋವು ಎಲ್ಲಿದೆ ಅಂತ ಹೇಳೋಕೆ ಬಾರದೆ ಇರೋರು "ಯಾರೋ ಬಂದಾರೆ" ಅಂತಾನೋ "ನನ್ನ ಮನೆಗೆ ಕಳ್ಸಿ" ಅಂತಾನೋ ಹೇಳ್ತಾರೆ. ಬಾಯಿ ಸೊಟ್ಟಗಾದ್ರೆ, ಕೈ ಎತ್ತೋಕಾಗದೆ ಇದ್ರೆ, ಎದೆನೋವಲ್ಲಿ ಬೆವರಿದ್ರೆ ಮಾತ್ರ ಯೋಚನೆ ಮಾಡ್ತಾ ಕೂರ್ಬೇಡಿ, ಸೀದಾ 108.

ಮಾತ್ರೆ ಅಂದಾಗ ನೆನಪಾಯ್ತು, ಮೆಡಿಕಲ್ ಶಾಪಲ್ಲಿ ಯಾರದ್ದೋ ಹಳೇ ಚೀಟಿ ತೋರ್ಸಿ ನಿದ್ದೆ ಮಾತ್ರೆ ತಂದು ಸಂಜೆಗೇ ನುಂಗಿಸಿ ಮಲಗಿಸೋರಿದಾರೆ. ಅದರಿಂದ ಗೊಂದಲ ಇನ್ನೂ ಹೆಚ್ಚಾಗತ್ತೆ, ರಾತ್ರಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರೀತದೆ. ನೆಗಡಿ ಅಲರ್ಜಿ ಅಂತ ಕೊಡೋ ಕೆಲವು ಹಳೇ ಕಾಲದ ಮಾತ್ರೆಗಳೂ ಈ ವಯಸ್ಸಲ್ಲಿ ತಲೆ ಮಂಕು ಮಾಡ್ತಾವೆ. ಭಯಕ್ಕೆ ಔಷಧಿ ಇಲ್ಲ ಅಂತಲ್ಲ, ಇದೆ, ಆದ್ರೆ ಅದನ್ನ ಮನೋವೈದ್ಯರೋ ನರರೋಗದ ಡಾಕ್ಟ್ರೋ ನೋಡಿ ಸಣ್ಣ ಡೋಸಲ್ಲಿ ಶುರು ಮಾಡ್ಬೇಕು. ಕನ್ನಡಕದ ನಂಬರ್ ಸರಿಯಿದೆಯಾ, ಕಿವಿ ಕೇಳತ್ತಾ ಅಂತಾನೂ ನೋಡ್ಸಿ, ಅರ್ಧಂಬರ್ಧ ಕೇಳೋ ಸದ್ದು ಎಲ್ಲ ಕಳ್ಳನ ಹೆಜ್ಜೆ ಸದ್ದೇ ಆಗ್ಬಿಡತ್ತೆ.

ಈಗ ಇಲಾಖೆಯೋರಿಗೆ. 112ಕ್ಕೆ ಮಾಡಿದ ಕರೆನ ಮೊದಲು ಎತ್ಕೊಳ್ಳೋದು ಬೆಂಗಳೂರಿನ ಕಂಟ್ರೋಲ್ ರೂಮು, ಅಲ್ಲಿಂದ ನಮ್ಮ ಜಿಲ್ಲೆ ಗಾಡಿಗೆ ಮೆಸೇಜ್ ಬರೋದು. ಅಲ್ಲಿ ಕೂತಿರೋರಿಗೆ ನಿಟ್ಟುವಳ್ಳೀಲಿ ಇರೋ ಈ ಯಜಮಾನ್ರು ಯಾರು, ಎಂತ ಅಂತ ಹೇಗೆ ಗೊತ್ತಾಗ್ಬೇಕು. ಮನೆಯೋರು ಒಪ್ಪಿ ಬರ್ಕೊಟ್ರೆ ಆ ಫೋನ್ ನಂಬರ್ ಎದುರಿಗೆ ಒಂದು ಟಿಪ್ಪಣಿ ಹಾಕಿಡೋ ವ್ಯವಸ್ಥೆ ಮಾಡಿ, ಇಲ್ಲಿರೋರಿಗೆ ಮರೆವಿನ ಕಾಯಿಲೆ ಇದೆ, ಮಗಳ ನಂಬರ್ ಇದು, ಪಕ್ಕದ ಮನೆಯೋರ ನಂಬರ್ ಇದು ಅಂತ. ಕರೆ ಬಂದಾಗ ಅವ್ರ ಮಾತು ಕೇಳ್ಕೊಂಡು, ಜೊತೆಗೇ ಮನೆಯೋರಿಗೂ ಒಂದು ಫೋನ್ ಹೋಗ್ಲಿ. ಟಿಪ್ಪಣಿ ಇದೆ ಅಂತ ಗಾಡಿ ಕಳಿಸೋದೇ ಬೇಡ ಅನ್ನೋ ಹಾಗೆ ಆಗ್ಬಾರದು, ಮೇಲೆ ಹೇಳಿದ ಸೋಂಕಿನ ಕಥೆ ನೆನಪಿಟ್ಕೊಳ್ಳಿ. 108ರದ್ದು ಇನ್ನೂ ಸೂಕ್ಷ್ಮ. ನಮ್ಮೂರ ಪಕ್ಕದಲ್ಲೇ 48ನೇ ನಂಬರ್ ಹೈವೇ ಹೋಗತ್ತೆ, ಅಲ್ಲಿ ಆಕ್ಸಿಡೆಂಟ್ ಆದೋರಿಗೆ ಆಂಬುಲೆನ್ಸ್ ಬೇಕಾದ ಹೊತ್ತಲ್ಲಿ ಅದು ನಮ್ಮನೆ ಮುಂದೆ ನಿಂತಿದ್ರೆ ಆ ಸಂಕಟ ನಮಗೂ ಗೊತ್ತಾಗತ್ತೆ, ಅದಕ್ಕೇ ಮನೆಯೋರಿಗೆ ಮೊದಲೇ ಒಂದು ಫೋನ್ ಬರೋದು ಎಲ್ರಿಗೂ ಒಳ್ಳೇದು. ಬೀಟ್ ಪೊಲೀಸರ ಹತ್ರ ಅವ್ರವ್ರ ಏರಿಯಾದಲ್ಲಿ ಇಂತ ಮನೆ ಯಾವ್ದು ಅನ್ನೋದು ಗೊತ್ತಿದ್ರೆ, ರೌಂಡ್ಸಲ್ಲಿ ಹೋಗುವಾಗ ಸಂಜೆ ಹೊತ್ತು ಬಾಗ್ಲತ್ರ ನಿಂತು "ಯಜಮಾನ್ರೇ ಆರಾಮ ಅದೀರಾ" ಅಂತ ಒಂದು ಮಾತಾಡಿಸಿದ್ರೆ ಸಾಕು, ನಾಲ್ಕು ಕರೆ ಕಮ್ಮಿ ಆಗ್ತಾವೆ.

ಆಸ್ಪತ್ರೆ ಕಡೆಯಿಂದ ಕೇಳೋದು ಇಷ್ಟು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕೆ ಅಂತಾನೇ ಒಂದು ಕಾರ್ಯಕ್ರಮ ಶುರು ಮಾಡ್ತು, ಮೊದಲಿಗೆ ಬೆಂಗಳೂರಿನ ಜಯನಗರ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕ್ಲಿನಿಕ್ ಮಾಡಿದ್ರು. ನಮಗೆ ಹತ್ತಿರದ ಬಳ್ಳಾರಿ ಅಂತೂ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಯೋಜನೆಗೆ ಇಡೀ ದೇಶಕ್ಕೇ ಮಾದರಿ ಆಗಿದ್ದ ಜಿಲ್ಲೆ. ಎರಡು ಮೆಡಿಕಲ್ ಕಾಲೇಜು ಇರೋ ದಾವಣಗೆರೆಗೆ ಇದು ಕಷ್ಟದ ಕೆಲಸ ಆಗ್ಬಾರದು. ಚಿಗಟೇರಿ ಜಿಲ್ಲಾಸ್ಪತ್ರೇಲಿ ವಾರಕ್ಕೊಂದು ದಿನ ಮರೆವಿನ ಕಾಯಿಲೆಯೋರಿಗೆ ಅಂತಾನೇ ಬೇರೆ ಟೈಮು, ಬೇರೆ ಕೋಣೆ ಇರ್ಲಿ, ಬೆಳಗಿನ ಹೊತ್ತಾದ್ರೆ ಒಳ್ಳೇದು, ಜನಜಂಗುಳಿ ಕ್ಯೂನಲ್ಲಿ ತಾಸುಗಟ್ಟಲೆ ನಿಲ್ಲಿಸಿದ್ರೆ ಡಾಕ್ಟ್ರ ಹತ್ರ ಹೋಗೋ ಹೊತ್ತಿಗೆ ಅವ್ರು ಅರ್ಧ ಹುಚ್ಚಾಗಿರ್ತಾರೆ. ಔಷಧಿ ಬರ್ಕೊಡೋ ಡಾಕ್ಟ್ರ ಜೊತೆಗೆ ಮನೆಯೋರ ಹತ್ರ ಕೂತು ಸಂಜೆ ಏನ್ ಮಾಡ್ತೀರಿ, ಫೋನ್ ಹೇಗಿಟ್ಟಿದೀರಿ, ನೀವು ನಿದ್ದೆ ಮಾಡ್ತೀರಾ ಅಂತ ಕೇಳೋ ಒಬ್ರು ಕೌನ್ಸೆಲರ್ ಬೇಕು. ಹಗಲು ಹೊತ್ತು ಬಿಟ್ಟು ಹೋಗೋಕೆ ಇಂತ ಕಾಯಿಲೆಯೋರಿಗೇ ಅಂತ ಒಂದು ಡೇ ಕೇರ್ ಬೇಕು, ಮಧ್ಯಾಹ್ನ ನಾಲ್ಕಕ್ಕೆ ಮುಚ್ಚೋದಲ್ಲ, ದೀಪ ಹಚ್ಚೋವರೆಗೆ ತೆಗೆದಿರೋದು.

ನೀವು ನಿದ್ದೆ ಮಾಡ್ತೀರಾ ಅನ್ನೋ ಪ್ರಶ್ನೆ ನಾನು ಸುಮ್ನೆ ಬರೀಲಿಲ್ಲ. ನೋಡ್ಕೊಳ್ಳೋರ ಎದೆನೂ ಹೊಡ್ಕೋತಿರತ್ತೆ. ಯಾರ ಫೋನ್ ರಿಂಗಾದ್ರೂ ಕೌಂಟರಲ್ಲಿ ನನ್ನ ಕೈ ನಡುಗ್ತಿತ್ತು, ನೋಟು ಎಣಿಸೋದು ತಪ್ಪತ್ತೆ ಅಂತ ಇನ್ನೊಂದ್ಸಲ ಎಣಿಸ್ತಿದ್ದೆ. ಅಪ್ಪಾಜಿ ನಂಬರಿಗೆ ಬೇರೆ ರಿಂಗ್‌ಟೋನ್ ಹಾಕ್ಕೊಂಡ್ಮೇಲೆ, ತಮ್ಮ, ಅತ್ತೆ ಎಲ್ಲ ಪಾಳಿ ಹಂಚ್ಕೊಂಡ್ಮೇಲೆ ಸ್ವಲ್ಪ ಉಸಿರಾಡೋ ಹಾಗಾಯ್ತು. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 14416 ನಂಬರ್ ಇದೆ, 2022ರಿಂದ ನಡೀತಿದೆ, ದಿನದ 24 ಗಂಟೆನೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಕಾಯಿಲೆಯೋರಿಗಷ್ಟೇ ಅಲ್ಲ ನೋಡ್ಕೊಳ್ಳೋರೂ ಮಾಡ್ಬಹುದು. ಹಿರಿಯ ನಾಗರಿಕರಿಗೆ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಈ ಎರಡು ನಂಬರ್ ಕತ್ತರಿಸಿ ಇಟ್ಕೊಳ್ಳಿ ಅಂತ ಓದುಗರಿಗೆ ಹೇಳ್ತೀನಿ. ದೂರದಲ್ಲಿರೋ ಅಣ್ಣ ತಮ್ಮಂದ್ರಿಗೂ ಒಂದು ಮಾತು, ದುಡ್ಡು ಕಳಿಸ್ತೀರಿ, ಸಂತೋಷ, ಜೊತೆಗೆ ದಿನಾ ಸಂಜೆ ಒಂದು ಗಂಟೆ ಅಪ್ಪಂದೋ ಅಮ್ಮಂದೋ ಫೋನ್ ನಂದು ಅಂತ ವಹಿಸ್ಕೊಳ್ಳಿ, ಅದನ್ನ ಬೆಂಗಳೂರಲ್ಲಿ ಟ್ರಾಫಿಕ್‌ನಲ್ಲಿ ನಿಂತ್ಕೊಂಡೂ ಮಾಡ್ಬಹುದು, ನಮ್ಮ ತಮ್ಮ ಮಾಡ್ತಿದಾನೆ.

ಸಂಪಾದಕರೇ, ನಮ್ಮ ವಿಳಾಸ, ನನ್ನ ನಂಬರ್ ಬೇರೆ ಹಾಳೇಲಿ ಬರೆದು ಇದರ ಜೊತೆ ಇಟ್ಟಿದೀನಿ. ಪೊಲೀಸ್ ಇಲಾಖೆಯೋರಾಗ್ಲಿ ಆಸ್ಪತ್ರೆಯೋರಾಗ್ಲಿ ಈ ಟಿಪ್ಪಣಿ ಹಾಕೋ ವ್ಯವಸ್ಥೆನ ಒಂದು ಮನೆಯಿಂದ ಶುರು ಮಾಡಿ ನೋಡೋಣ ಅಂದ್ರೆ ಮೊದಲ್ನೇ ಅರ್ಜಿ ನಮ್ಮದೇ ಇರ್ಲಿ, ಬಂದು ಸಹಿ ಹಾಕ್ತೀನಿ. ಹೆಸರು ಮಾತ್ರ ಅಚ್ಚು ಮಾಡ್ಬೇಡಿ. ಅಪ್ಪಾಜಿ ಈಗಲೂ ದಿನಾ ನಿಮ್ಮ ಪೇಪರನ್ನ ಮೊದಲ್ನೇ ಪುಟದಿಂದ ಕೊನೇವರೆಗೆ ಜೋರಾಗಿ ಓದ್ತಾರೆ, ತಮ್ಮ ವಿಷಯ ಅಂತ ಗೊತ್ತಾದ್ರೆ ನೊಂದ್ಕೋತಾರೆ.

ಇಂತಿ,
ಒಬ್ಬ ಮಗಳು
ನಿಟ್ಟುವಳ್ಳಿ, ದಾವಣಗೆರೆ